ಎಪ್ಪತ್ತು ಕಿಲೋದ ಗಂಡಸು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದಿದೆ. ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಊಟ. ದಿಕ್ಕಿಲ್ಲದ ರೋಗಿಗಳಿಗೆ ಔಷಧ. ಕಲ್ಲಿನ ಮೇಲಿನ ಆ ರೋಗಿಗೆ ತೂಕ, ಎತ್ತರ ಇರಲಿಲ್ಲ. ಅವನ್ನು ಅಂಟಿಸಿದ್ದು ಇಪ್ಪತ್ತನೆಯ ಶತಮಾನ.

ವಿಕಿರಣದ ಲೆಕ್ಕಾಚಾರಕ್ಕೆಂದು ಅಂತರರಾಷ್ಟ್ರೀಯ ಆಯೋಗವೊಂದು 1975ರಲ್ಲಿ ‘ಮಾದರಿ ಮನುಷ್ಯ’ನ ವಿವರ ಪ್ರಕಟಿಸಿತು: ಇಪ್ಪತ್ತರಿಂದ ಮೂವತ್ತರ ಪ್ರಾಯ, 70 ಕಿಲೋ, 170 ಸೆಂ.ಮೀ., ಬಿಳಿಯ. ಔಷಧದ ಪ್ರಯೋಗಗಳಲ್ಲೂ ಇಂಥವನೇ ಅಳತೆಗೋಲು. ಥಾಲಿಡೋಮೈಡ್ ಮಾತ್ರೆಯಿಂದ ಅಂಗವಿಕಲ ಶಿಶುಗಳು ಹುಟ್ಟಿದ ದುರಂತದ ನೆನಪಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ ಬಸುರಾಗಬಲ್ಲ ಹೆಂಗಸರನ್ನು ಆರಂಭದ ಪ್ರಯೋಗಗಳಿಂದ ದೂರವಿಡಲು ಸೂಚಿಸಿತು. ಕಾಪಾಡಲೆಂದೇ ಮಾಡಿದ್ದು, ಸರಿ. ಆದರೆ ಮಾರುಕಟ್ಟೆಗೆ ಬಂದ ಮಾತ್ರೆಯನ್ನು ಆಕೆಯೂ ನುಂಗುತ್ತಿದ್ದಳಲ್ಲ! 1993ರಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡರು.

ಅಷ್ಟರಲ್ಲಿ ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಬಂದಾಗಿತ್ತು. ಗಂಡಿಗೂ ಹೆಣ್ಣಿಗೂ ಒಂದೇ 10 ಮಿಲಿಗ್ರಾಂ. ಹೆಣ್ಣಿನ ಮೈಯಿಂದ ಅದು ನಿಧಾನವಾಗಿ ಇಳಿಯುತ್ತದೆ. ಬೆಳಿಗ್ಗೆ ಕಾರು ಓಡಿಸುವಾಗಲೂ ರಕ್ತದಲ್ಲಿ ಮಂಪರು ಉಳಿದಿರುತ್ತದೆ. ಹೆಂಗಸರ ಪ್ರಮಾಣ 5 ಮಿಲಿಗ್ರಾಂಗೆ ಇಳಿದದ್ದು 2013ರಲ್ಲಿ, ಮಾತ್ರೆಗೆ ಅನುಮತಿ ಸಿಕ್ಕಿ ಇಪ್ಪತ್ತು ವರ್ಷಕ್ಕೆ.

ಇದು ದೇಹದ ಮಾತಾಯಿತು. ಬದುಕಿನ ಮಾತಿಗೆ ಶಿಕಾರಿಪುರದ ಪಕ್ಕದ ಸೊರಬಕ್ಕೇ ಹೋಗಬೇಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಹತ್ತಿತು; ಹೊಸ ವೈರಸ್ಸಿಗೆ ಆ ಕಾಡಿನ ಹೆಸರೇ ಉಳಿಯಿತು. ರೋಗ ಹರಡುವುದು ಉಣುಗಿನಿಂದ. ಉಣುಗಿಗೆ ಗಂಡು ಹೆಣ್ಣು ಒಂದೇ. ಆದರೆ ಕೊಟ್ಟಿಗೆಗೆ ದರಗು ಗುಡಿಸಲು, ಸೌದೆ ತರಲು, ದನ ಹೊಡೆಯಲು ಯಾರು ಕಾಡಿಗೆ ಹೋಗುತ್ತಾರೆ ಎಂಬುದನ್ನು ತೀರ್ಮಾನಿಸುವುದು ಮನೆ. ‘ವ್ಯಕ್ತಿಗೆ ತಕ್ಕ ಮದ್ದು’ ಎನ್ನುವವರು ಜೀನ್ ಓದುತ್ತಾರೆ. ತಲೆಯ ಮೇಲಿನ ಹೊರೆಯನ್ನು ಯಾವ ಯಂತ್ರ ಓದೀತು?

ಇನ್ನು ಅಂಗಾಂಗ ಮುದ್ರಣ, ಜೀವಕೋಶ ಬೆರೆಸಿದ ಶಾಯಿಯಿಂದ ಅಂಗವನ್ನೇ ಮುದ್ರಿಸುವ ಕನಸು. ಬೆಂಗಳೂರಿನ ಪಂಡೋರಮ್ ಕಂಪನಿ ಯಕೃತ್ತಿನ ಅಂಗಾಂಶವನ್ನು ಮುದ್ರಿಸಿದ್ದಾಗಿ 2015ರಲ್ಲಿ ಪ್ರಕಟಿಸಿತು. ಇಡೀ ಯಕೃತ್ತಲ್ಲ, ಔಷಧ ಪರೀಕ್ಷೆಗೆ ಒದಗುವ ಚೂರು. ಹಾಗಾಗಿಯೇ ಪ್ರಶ್ನೆ ಮುಖ್ಯ: ಶಾಯಿಯಲ್ಲಿ ಬೆರೆಸುವ ಜೀವಕೋಶ ಯಾರದು? ಪ್ರಯೋಗಾಲಯಗಳಲ್ಲಿ ಯಕೃತ್ತಿಗೆ ಬದಲಾಗಿ ಬಹಳ ಬಳಕೆಯಲ್ಲಿರುವ ಹೆಪ್‌ಜಿ2 ಕೋಶಗಳ ಮೂಲ ಹದಿನೈದು ವರ್ಷದ ಹುಡುಗ. ಮಾದರಿ ಮನುಷ್ಯ ತಟ್ಟೆಯೊಳಗೂ ಬಂದು ಕೂತಿದ್ದಾನೆ.

ಯಂತ್ರ ಇಡೀ ಯಕೃತ್ತನ್ನು ಮುದ್ರಿಸುವ ದಿನ ಬರಲಿ ಎಂದೇ ನನ್ನ ಹಾರೈಕೆ. 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಅಂಗಾಂಗ ಕಸಿಗಳಲ್ಲಿ 29,695 ಗಂಡಸರಿಗೆ, 6,945 ಹೆಂಗಸರಿಗೆ. ಬದುಕಿರುವಾಗಲೇ ಅಂಗ ಕೊಟ್ಟವರಲ್ಲಿ ಹೆಚ್ಚಿನವರು ಹೆಂಡತಿಯರು, ತಾಯಂದಿರು. ಮುದ್ರಿತ ಅಂಗ ಬಂದರೆ ಕೊಡುವ ಸರದಿಯಿಂದ ಅವರಿಗೆ ಬಿಡುಗಡೆ. ಪಡೆಯುವ ಸರದಿಯಲ್ಲಿ ಅವರ ಹೆಸರು ಬರೆಸಲು ಶಿಕಾರಿಪುರದಿಂದ ಬೆಂಗಳೂರಿನ ಬಸ್ಸು ಹತ್ತುವವರು ಬೇರೆಯೇ ಬೇಕು.