ಗೀಜಗನ ಗೂಡಿನಲ್ಲಿ ಐದು ಪ್ರಶ್ನೆಗಳು

"ಇದು ತುಂಬಾ ಸುಲಭ ತಾತ!" ಎಂದು ನನ್ನ ಮೊಮ್ಮಗಳು ಪುಟ್ಟಿ ಎರಡೇ ನಿಮಿಷದಲ್ಲಿ ಹಾಳೆಯನ್ನು ನನ್ನ ಕೈಗಿಟ್ಟಳು. ಐದು ಪ್ರಶ್ನೆಗಳಿಗೂ ಉತ್ತರ ಗುರುತು ಮಾಡಿದ್ದಳು. ಅದರಲ್ಲಿ ಮೂರು ತಪ್ಪು.

ಪುಟ್ಟಿ ಈಗ ಐದನೇ ತರಗತಿ. ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿಗೆ ಸೇರಲು ಪ್ರವೇಶ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ. ಕೇಂದ್ರ ಸರ್ಕಾರದ ಈ ವಸತಿ ಶಾಲೆಗಳು 1985-86ರಲ್ಲಿ ಆರಂಭವಾದವು. ಊಟ, ವಸತಿ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲವೂ ಉಚಿತ. ಶೇಕಡಾ 75ರಷ್ಟಾದರೂ ಸೀಟುಗಳು ಹಳ್ಳಿಯ ಮಕ್ಕಳಿಗೇ ಮೀಸಲು. ಆದರೆ ಒಂದು ಶಾಲೆಯಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳು. ಒಂದು ಮಗು ಈ ಪರೀಕ್ಷೆಯನ್ನು ಒಂದು ಸಲ ಮಾತ್ರ ಬರೆಯಬಹುದು.

ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಬುದ್ಧಿಶಕ್ತಿಯವು, 20 ಗಣಿತದವು, 20 ಭಾಷೆಯವು. ಭಾಷೆಯ ಭಾಗವನ್ನು ಕನ್ನಡದಲ್ಲೇ ಬರೆಯಬಹುದು. ನಾಲ್ಕು ಗದ್ಯಭಾಗ ಕೊಟ್ಟು, ಒಂದೊಂದಕ್ಕೂ ಐದೈದು ಪ್ರಶ್ನೆ ಕೇಳುತ್ತಾರೆ. "ಕನ್ನಡ ತಾನೆ, ಮನೆಯ ಮಾತು" ಎಂದು ಎಲ್ಲರೂ ಸಲೀಸಾಗಿ ತೆಗೆದುಕೊಳ್ಳುವುದು ಇದನ್ನೇ. ನಾನೂ ಹಾಗೆಯೇ ಮಾಡಿದ್ದೆ.

ಮೂರು ವರ್ಷದ ಹಿಂದೆ ಪುಟ್ಟಿಯ ಅಣ್ಣ ಇದೇ ಪರೀಕ್ಷೆ ಬರೆದ. ಅವನಿಗೆ ಪಾಠ ಹೇಳಿದವನು ನಾನು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಕೌಂಟರಿನ ಮುಂದೆ ಸಾಲು ಬೆಳೆದಾಗ ಬೇಗ ಬೇಗ ಕೈ ಓಡಿಸಿ ಅಭ್ಯಾಸ. "ಗದ್ಯ ಪೂರ್ತಿ ಓದಬೇಡ. ಪ್ರಶ್ನೆ ನೋಡು, ಅದೇ ಪದ ಗದ್ಯದಲ್ಲಿ ಎಲ್ಲಿದೆ ಹುಡುಕು, ಗುರುತು ಹಾಕು, ಮುಂದೆ ನಡಿ" ಎಂದು ಹೇಳಿಕೊಟ್ಟೆ. ಹುಡುಗ ಚಾಚೂ ತಪ್ಪದೆ ಹಾಗೇ ಮಾಡಿದ. ಆಯ್ಕೆ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಅದಕ್ಕೆ ನೂರು ಕಾರಣ ಇರಬಹುದು. ಆದರೆ ಆಮೇಲೆ ಅವನ ಅಭ್ಯಾಸದ ಪುಸ್ತಕ ತೆರೆದು ನೋಡಿದಾಗ ಕಂಡದ್ದು ಇದು: ಗಣಿತ ಚೆನ್ನಾಗಿತ್ತು, ತಪ್ಪೆಲ್ಲ ಕನ್ನಡದಲ್ಲಿತ್ತು. ಗದ್ಯದ ಪದವೇ ಯಾವ ಉತ್ತರದಲ್ಲಿದೆಯೋ ಅದಕ್ಕೆ ಗುರುತು ಹಾಕಿದ್ದ. ಅವನು ಇಂದಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅದಕ್ಕೇ ಈ ಸಲ ನಾನು ಪಾಠ ಹೇಳುವ ರೀತಿ ಬದಲಾಯಿಸಿದೆ.

ಮಕ್ಕಳೇ, ಪುಟ್ಟಿಗೆಂದು ನಾನು ಬರೆದ ಗದ್ಯ ಇಲ್ಲಿದೆ. ನೀವೂ ಓದಿ.

ಗೀಜಗ ಸುಮಾರು ಗುಬ್ಬಚ್ಚಿಯಷ್ಟೇ ದೊಡ್ಡ ಹಕ್ಕಿ. ಗೂಡು ನೇಯುವುದು ಗಂಡು. ಹುಲ್ಲಿನಿಂದ, ತಾಳೆಗರಿಯಿಂದ ಸೀಳಿ ತಂದ ಎಳೆಗಳನ್ನು ಅದು ಕೊಕ್ಕಿನಿಂದ ಹೆಣೆಯುತ್ತದೆ. ಗೂಡು ಅರ್ಧವಾದಾಗ ಹೆಣ್ಣು ಬಂದು ನೋಡುತ್ತದೆ. ಮೆಚ್ಚಿದರೆ ಗಂಡು ಉಳಿದ ಭಾಗವನ್ನೂ ಕೊಳವೆಯಂಥ ಬಾಗಿಲನ್ನೂ ಕಟ್ಟಿ ಮುಗಿಸುತ್ತದೆ. ಮೆಚ್ಚದಿದ್ದರೆ ಆ ಗೂಡು ಅಲ್ಲಿಗೇ ನಿಲ್ಲುತ್ತದೆ. ಗಂಡು ಮತ್ತೊಂದನ್ನು ಆರಂಭಿಸುತ್ತದೆ. ಗೂಡುಗಳು ಸಾಮಾನ್ಯವಾಗಿ ಮುಳ್ಳಿನ ಮರಗಳಲ್ಲಿ, ಈಚಲು, ತಾಳೆ ಮರಗಳಲ್ಲಿ, ಎಷ್ಟೋ ಬಾರಿ ನೀರಿನ ಮೇಲೆ ಚಾಚಿದ ಕೊಂಬೆಗಳಲ್ಲಿ ತೂಗುತ್ತವೆ. ಶತ್ರುಗಳು ಅಲ್ಲಿಗೆ ಸುಲಭವಾಗಿ ಸುಳಿಯಲಾರವು. ಗೀಜಗ ಗೂಡಿನೊಳಗೆ ಹಸಿ ಮಣ್ಣನ್ನೂ ಮೆತ್ತುತ್ತದೆ. ಗಾಳಿಗೆ ಗೂಡು ತೀರಾ ತೂಗಾಡದಂತೆ ಅದು ತಡೆಯುತ್ತದೆ ಎಂದು ಕೆಲವರು ಊಹಿಸುತ್ತಾರೆ.

ಈಗ ಪ್ರಶ್ನೆಗಳು. ಕೆಳಗಿನ ಉತ್ತರವನ್ನು ಕೈಯಿಂದ ಮುಚ್ಚಿಕೊಳ್ಳಿ.

1. ಗೂಡು ನೇಯುವುದು ಯಾವುದು? (ಅ) ಹೆಣ್ಣು (ಆ) ಗಂಡು (ಇ) ಎರಡೂ ಸೇರಿ (ಈ) ಮರಿಗಳು

2. 'ಸುಳಿಯಲಾರವು' ಎಂದರೆ ಇಲ್ಲಿ ಏನರ್ಥ? (ಅ) ಸುತ್ತಲಾರವು (ಆ) ಹತ್ತಿರ ಬರಲಾರವು (ಇ) ಸುಲಿಯಲಾರವು (ಈ) ಹಾರಲಾರವು

3. ನೀರಿನ ಮೇಲೆ ಚಾಚಿದ ಕೊಂಬೆ ಗೂಡಿಗೆ ಏಕೆ ಒಳ್ಳೆಯದು? (ಅ) ಕುಡಿಯಲು ನೀರು ಹತ್ತಿರ (ಆ) ಅಲ್ಲಿ ಹುಲ್ಲು ಹೇರಳ (ಇ) ಶತ್ರುಗಳು ಬರುವುದು ಕಷ್ಟ (ಈ) ತಂಪು ಗಾಳಿ ಸಿಗುತ್ತದೆ

4. ಮರದಲ್ಲಿ ಅರ್ಧ ಕಟ್ಟಿದ ಗೂಡೊಂದು ಖಾಲಿ ತೂಗುತ್ತಿದೆ. ಗದ್ಯದ ಪ್ರಕಾರ ಕಾರಣವೇನಿರಬಹುದು? (ಅ) ಗಂಡಿಗೆ ನೇಯಲು ಬರದು (ಆ) ಹೆಣ್ಣು ಮೆಚ್ಚಲಿಲ್ಲ (ಇ) ಗಾಳಿಗೆ ಹರಿಯಿತು (ಈ) ಮರಿಗಳು ಹಾರಿಹೋದವು

5. ಮಣ್ಣು ಮೆತ್ತುವುದರ ಬಗ್ಗೆ ಕೆಲವರ ಊಹೆ ಏನು? (ಅ) ಮಿಂಚುಹುಳು ಅಂಟಿಸಿ ಬೆಳಕು ಮಾಡಲು (ಆ) ಗೂಡು ತಂಪಾಗಿರಲು (ಇ) ತೂಗಾಟ ತಗ್ಗಲು (ಈ) ಅಂದಕ್ಕಾಗಿ

ಸರಿಯುತ್ತರ: 1-ಆ, 2-ಆ, 3-ಇ, 4-ಆ, 5-ಇ.

ಪುಟ್ಟಿ ಒಂದನೆಯದಕ್ಕೆ 'ಹೆಣ್ಣು' ಎಂದು ಬರೆದಿದ್ದಳು. "ಕಥೆಯಲ್ಲೆಲ್ಲ ತಾಯಿಹಕ್ಕಿಯೇ ಗೂಡು ಕಟ್ಟೋದು ತಾತ" ಎಂದಳು. ಮೂರನೆಯದಕ್ಕೆ 'ಕುಡಿಯಲು ನೀರು ಹತ್ತಿರ' ಎಂದಿದ್ದಳು. ಪ್ರಶ್ನೆಯಲ್ಲೂ ನೀರು, ಉತ್ತರದಲ್ಲೂ ನೀರು. ಅವಳ ಅಣ್ಣ ಬಿದ್ದ ಹಳ್ಳವೇ ಇದು. ಕಾರಣ ಇದ್ದದ್ದು ಅದರ ಮುಂದಿನ ವಾಕ್ಯದಲ್ಲಿ. ಐದನೆಯದಕ್ಕೆ 'ಮಿಂಚುಹುಳು' ಎಂದು ಗುರುತು. "ಅಜ್ಜೀನೇ ಹೇಳಿದ್ದು!"

ಅಡುಗೆಮನೆಯಿಂದ ಅಜ್ಜಿ ಹೊರಗೆ ಬಂದಳು. "ಹೌದು, ನಾನೇ ಹೇಳಿದ್ದು. ನಮ್ಮಜ್ಜಿ ನಂಗೆ ಹೇಳಿದ್ರು. ಅದು ಸುಳ್ಳಾ ಹಾಗಾದ್ರೆ?"

ಗೂಡಿನಲ್ಲಿ ಗೀಜಗ ಮಿಂಚುಹುಳು ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂಬ ಮಾತನ್ನು ಹಿರಿಯರೆಲ್ಲ ಕೇಳಿದ್ದೇವೆ. "ನಿನ್ನ ಕಥೆ ಕಥೆಗೆ ಚೆನ್ನ. ಆದರೆ ಈ ಗದ್ಯದಲ್ಲಿ ಮಿಂಚುಹುಳು ಇದೆಯಾ ತೋರಿಸು" ಎಂದೆ. ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಇಲ್ಲ ಬಿಡಿ" ಎಂದು ಒಪ್ಪಿಕೊಂಡಳು.

ಆಗ ಪುಟ್ಟಿಗೆ ಚೆಕ್ಕಿನ ವಿಷಯ ಹೇಳಿದೆ. ಚೆಕ್ಕು ತಂದವರು ಮೂವತ್ತು ವರ್ಷದ ಪರಿಚಯದವರೇ ಇರಬಹುದು, ಅವರ ಮನೆಯಲ್ಲಿ ಮದುವೆ ಇದೆ, ಹೆಚ್ಚು ಹಣ ಬೇಕೆಂಬುದೂ ನನಗೆ ಗೊತ್ತಿರಬಹುದು. ಆದರೆ ಚೆಕ್ಕಿನಲ್ಲಿ ಐನೂರು ಎಂದು ಬರೆದಿದ್ದರೆ ನಾನು ಕೊಡಬೇಕಾದದ್ದು ಐನೂರೇ. ಗದ್ಯಭಾಗವೂ ಹಾಗೆಯೇ. ನಮಗೆ ಏನು ಗೊತ್ತು ಎಂಬುದನ್ನಲ್ಲ, ಕಾಗದದ ಮೇಲೆ ಏನಿದೆ ಎಂಬುದನ್ನು ಅದು ಕೇಳುತ್ತದೆ.

ಈಗ ನಮ್ಮ ಮನೆಯ ಕ್ರಮ ಹೀಗಿದೆ. ಮೊದಲು ಪೆನ್ನು ಕೆಳಗಿಟ್ಟು ಗದ್ಯವನ್ನು ಪೂರ್ತಿ ಓದುವುದು. ಆಮೇಲೆ ಪ್ರಶ್ನೆ. ಉತ್ತರ ಹೊಳೆದ ಕೂಡಲೇ ಗುರುತು ಹಾಕುವಂತಿಲ್ಲ. ಅದನ್ನು ಹೇಳುವ ಸಾಲಿನ ಮೇಲೆ ಬೆರಳಿಡಬೇಕು. ನಾಲ್ಕನೆಯ ಪ್ರಶ್ನೆಯಂಥದ್ದರಲ್ಲಿ ಉತ್ತರ ನೇರವಾಗಿ ಇರುವುದಿಲ್ಲ. ಆದರೂ ಆಧಾರವಾದ ಸಾಲು ಇದ್ದೇ ಇರುತ್ತದೆ. ಪದದ ಅರ್ಥ ಕೇಳಿದರೆ ಉತ್ತರವನ್ನು ಆ ಪದದ ಜಾಗದಲ್ಲಿಟ್ಟು ವಾಕ್ಯ ಓದಿ ನೋಡಬೇಕು. 'ಕೆಲವರು', 'ಸಾಮಾನ್ಯವಾಗಿ' ಎಂಬ ಸಣ್ಣ ಪದಗಳನ್ನು ಹಾರಿಸಬಾರದು. ಗದ್ಯದಲ್ಲಿ 'ಎಷ್ಟೋ ಬಾರಿ' ಎಂದಿದ್ದು ಉತ್ತರದಲ್ಲಿ 'ಯಾವಾಗಲೂ' ಎಂದಿದ್ದರೆ ಅದು ತಪ್ಪು.

ಭಾಷೆಗೆ ಅರ್ಧ ಗಂಟೆ. ನಾಲ್ಕು ಗದ್ಯಕ್ಕೆ ಹಂಚಿದರೆ ಒಂದಕ್ಕೆ ಏಳೂವರೆ ನಿಮಿಷ. ನಿಧಾನವಾಗಿ ಓದಲು ಇಷ್ಟು ಧಾರಾಳ. ಒಂದು ಪ್ರಶ್ನೆಗೆ ಒಂದೂಕಾಲು ಅಂಕ. ತಪ್ಪಿದರೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಉತ್ತರ ಪತ್ರಿಕೆಯಲ್ಲಿ ವೃತ್ತ ತುಂಬುವ ಮೊದಲು ಪ್ರಶ್ನೆಯ ಸಂಖ್ಯೆ ತಾಳೆ ನೋಡಬೇಕು. ಲೆಡ್ಜರಿನಲ್ಲಿ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಬರೆದರೆ ಮೊತ್ತ ಸರಿಯಿದ್ದೂ ಏನು ಪ್ರಯೋಜನ?

ಅಜ್ಜ-ಅಜ್ಜಿಯರೇ, ಇದಕ್ಕೆ ದೊಡ್ಡ ಗೈಡು ಬೇಕಿಲ್ಲ. ದಿನಾ ಸಂಜೆ ಪತ್ರಿಕೆಯ ಒಂದು ಪ್ಯಾರಾ ಸಾಕು. "ಉತ್ತರ ಏನು?" ಎಂದು ಕೇಳಬೇಡಿ. "ಯಾವ ಸಾಲಿನಲ್ಲಿದೆ?" ಎಂದು ಕೇಳಿ. ನಾನು ಇದನ್ನು ಕಲಿತದ್ದು ತಡವಾಗಿ.

ಆ ಸಂಜೆ ಹಾಳೆ ಮಡಿಸುವಾಗ ಪುಟ್ಟಿ ಕೇಳಿದಳು: "ತಾತ, ಗೂಡನ್ನ ಮೆಚ್ಚದೇ ಇದ್ರೆ ಗೀಜಗ ಅಳುತ್ತಾ?"

ನಾನು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಮೂಲೆಯಲ್ಲಿ ಎಂಟನೇ ತರಗತಿಯ ಲೆಕ್ಕ ಮಾಡುತ್ತ ಕೂತಿದ್ದ ಅವಳ ಅಣ್ಣ ತಲೆ ಎತ್ತದೆಯೇ ಹೇಳಿದ: "ಅಳುತ್ತೆ ಅಂತ ಯಾವ ಸಾಲಿನಲ್ಲಿದೆ? ಮುಂದಿನ ವಾಕ್ಯ ಓದು."

ಪುಟ್ಟಿ ಹಾಳೆ ಬಿಚ್ಚಿ, ಬೆರಳಿಟ್ಟು ಓದಿದಳು: "ಗಂಡು ಮತ್ತೊಂದನ್ನು ಆರಂಭಿಸುತ್ತದೆ."

"ಅಷ್ಟೇ" ಎಂದು ಅವನು ಮತ್ತೆ ಲೆಕ್ಕಕ್ಕೆ ಬಗ್ಗಿದ.