ಯಾವ ತರಗತಿಯಲ್ಲಿ ಕೂರಬೇಕು?

"ಇದರಾಗ ಫೇಲಾದ್ರ ವಾಪಸ್ ಕಳಸ್ತಾರೇನ್ರಿ ಸರ್?"

ರಾಯಾಪುರದ ನಮ್ಮ ಓಣಿಯ ಹುಡುಗಿ ಕೇಳಿದಳು. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳಿಗೆ ಅಮೆರಿಕದಲ್ಲಿ ಪಿಎಚ್.ಡಿ. ಸೀಟು ಸಿಕ್ಕಿದೆ. ಆಗಸ್ಟಿನಲ್ಲಿ ಪಾಠ ಶುರುವಾಗುವ ಮೊದಲೇ ಪ್ಲೇಸ್‌ಮೆಂಟ್ ಪರೀಕ್ಷೆ ಬರೆಯಬೇಕಂತೆ.

ಕಳಿಸುವುದಿಲ್ಲ. ಇದು ಸೀಟು ಸಿಕ್ಕ ಮೇಲಿನ ಪರೀಕ್ಷೆ. ಕ್ಲಾಸಿಕಲ್ ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಕ್ವಾಂಟಮ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಇವುಗಳಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ ಎಂದು ನೋಡಿ, ಯಾವ ಕೋರ್ಸಿಗೆ ಕೂರಬೇಕೆಂದು ಪ್ರಾಧ್ಯಾಪಕರು ಹೇಳುತ್ತಾರೆ. ನಿಯಮ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ.

ನಮ್ಮ ಮಕ್ಕಳಿಗೆ ಗೊತ್ತಿರುವುದು ಸೋಸುವ ಪರೀಕ್ಷೆ. ಎಂ.ಎಸ್ಸಿ. ಪ್ರವೇಶಕ್ಕೆ ಐಐಟಿಗಳು ನಡೆಸುವ ಜಾಮ್ ನೋಡಿ: 3 ತಾಸು, 60 ಪ್ರಶ್ನೆ, 100 ಅಂಕ. ಕೆಲವು ಪ್ರಶ್ನೆಗಳಿಗೆ ಪರದೆಯ ಮೇಲೆ ಬರೀ ಸಂಖ್ಯೆ ಒತ್ತಿದರೆ ಸಾಕು. ಉದಾಹರಣೆಗೆ, ಡಬ್ಬಿಯಂಥ ಜಾಗದಲ್ಲಿ ಸಿಕ್ಕಿಕೊಂಡ ಕಣವೊಂದು ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿದೆ. ಒಂದು ಬದಿಯ ಗೋಡೆ ತಟ್ಟನೆ ಸರಿದು ಡಬ್ಬಿಯ ಅಗಲ ಇಮ್ಮಡಿಯಾಯಿತು ಎನ್ನಿ. ಹೊಸ ಡಬ್ಬಿಯ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ ಅದು ಸಿಗುವ ಸಂಭವ ಎಷ್ಟು? 0.36. ಜಾಮ್‌ನಲ್ಲಾದರೆ ಅಷ್ಟು ಒತ್ತಿ ಮುಂದೆ ಹೋಗಬಹುದು. ಬರೆದು ಉತ್ತರಿಸುವ ಪ್ಲೇಸ್‌ಮೆಂಟ್ ಪತ್ರಿಕೆಯಲ್ಲಿ ಅದೇ ಲೆಕ್ಕ ಬಂದರೆ, ಗೋಡೆ ಸರಿದ ಆ ಕ್ಷಣ ಕಣದ ತರಂಗ ಹಾಗೇ ಉಳಿಯುತ್ತದೆ ಎಂಬುದು ಹೊಳೆಯಿತೇ, ಅದನ್ನು ಹೊಸ ಡಬ್ಬಿಯ ತರಂಗದೊಂದಿಗೆ ಹೋಲಿಸಲು ಬಂತೇ, ಅಥವಾ ಕೊನೆಯ ಗಣಿತದಲ್ಲಷ್ಟೇ ಎಡವಿದ್ದೇ ಎಂಬುದೆಲ್ಲ ಹಾಳೆಯ ಮೇಲೆ ಕಾಣುತ್ತದೆ. ಎಲ್ಲಿ ನಿಂತರು ಎಂದು ತಿಳಿದರೆ ತಾನೇ ಅಲ್ಲಿಂದ ಕಲಿಸಲು ಸಾಧ್ಯ?

ಅದಕ್ಕೇ ಅವಳಿಗೆ ಹೇಳಿದೆ: ಗ್ರಿಫಿತ್ಸ್ ಬರೆದ ಭೌತಶಾಸ್ತ್ರದ ಪಠ್ಯಪುಸ್ತಕದ ಲೆಕ್ಕಗಳನ್ನು ಮತ್ತೊಮ್ಮೆ ಕೈಯಾರೆ ಮಾಡು, ಆದರೆ ಹಳೇ ಪತ್ರಿಕೆ ಉರು ಹೊಡೆದು ಹೋಗಬೇಡ. ಬಾಯಿಪಾಠದ ಬಲದಿಂದ ಮೇಲಿನ ಕೋರ್ಸಿಗೆ ಕೂತವರು ಹದಿನೈದು ದಿನದಲ್ಲಿ ಪಾಠದ ಹಿಂದೆ ಬೀಳುತ್ತಾರೆ. ಜೊತೆಗೆ ಅಲ್ಲಿ ಬಿ.ಎಸ್. ಹುಡುಗರ ಲ್ಯಾಬ್ ನೋಡಿಕೊಳ್ಳುವ ಕೆಲಸವೂ ಇರಬಹುದು. ಒಂದು ಸೆಮಿಸ್ಟರ್ ಕೆಳಗಿನ ತರಗತಿಯಲ್ಲಿ ಕೂತರೆ ಮರ್ಯಾದೆ ಹೋಗುವುದಿಲ್ಲ. ಅವಳ ತಂದೆಗೆ ಈ ಮಾತು ಇನ್ನೂ ಒಪ್ಪಿಗೆಯಾಗಿಲ್ಲ.

ಇಂಥ ಪರೀಕ್ಷೆ ನಮ್ಮಲ್ಲೂ ಬೇಕು ಎಂಬುದು ಪಾಠ ಹೇಳಿ ನಿವೃತ್ತನಾದ ನನ್ನ ಗಟ್ಟಿ ಅಭಿಪ್ರಾಯ. ಗದಗ, ಶಿರಸಿ, ಕಾರವಾರದ ಬೇರೆ ಬೇರೆ ಕಾಲೇಜುಗಳಿಂದ ಎಂ.ಎಸ್ಸಿ.ಗೆ ಬಂದವರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಎಲ್ಲರಿಗೂ ಎಲ್ಲವೂ ಬರುತ್ತದೆಂದು ಪಾಠ ಶುರು ಮಾಡುತ್ತೇವೆ. ಬೇಕಾದದ್ದು ಇಷ್ಟೇ: ಮೊದಲ ವಾರ ಎರಡು ತಾಸಿನ, ಅಂಕಪಟ್ಟಿಗೆ ಸೇರದ ಒಂದು ಪರೀಕ್ಷೆ; ಹಿಂದುಳಿದ ವಿಷಯಕ್ಕೆ ಸಂಜೆ ಪಾಠ. ಇದಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಅನುದಾನವೂ ಬೇಡ.