ಕೊಳಗದ ನ್ಯಾಯ

ಸರಕಾರ ಕಾಯಿದೆಗಳ ಕಡಿವಾಣವನ್ನು ಬಿಗಿದಷ್ಟೂ ಸಂಪತ್ತಿನ ಬೆಳವಣಿಗೆ ಕುಂಠಿತವಾಗುತ್ತದೆಂದು ವಾದಿಸುವವರುಂಟು. ಕಡಿವಾಣವಿಲ್ಲದಿದ್ದರೆ ಬಲ್ಲಿದನೇ ಎಲ್ಲವನ್ನೂ ನುಂಗುತ್ತಾನೆಂಬುದು ಪ್ರತಿವಾದ. ಸಾಹಿತ್ಯದ ಅಧ್ಯಾಪಕನಾಗಿದ್ದ ನಾನು ಅರ್ಥಶಾಸ್ತ್ರದ ಈ ವ್ಯಾಜ್ಯವನ್ನು ತೀರ್ಮಾನಿಸಲಾರೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮುಕ್ಕಾಲು ಶತಮಾನದ ಅನುಭವವನ್ನು ಕೇಳುಗರ ಮುಂದಿಡಬಲ್ಲೆ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಅದರ ಮುಂದಾಳು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಜಗಳದ ಮೂಲದಲ್ಲಿದ್ದುದು ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆಯುವ ಆ ಕೊಳಗ ಒಡೆಯರ ಮನೆಯದು, ನ್ಯಾಯವಾದ ಅಳತೆಗಿಂತ ದೊಡ್ಡದು ಎಂಬುದು ಒಕ್ಕಲುಗಳ ದೂರು.

ಇದರ ಆರ್ಥಿಕ ಪರಿಣಾಮವನ್ನು ಯೋಚಿಸಿ. ಹೆಚ್ಚು ಬೆಳೆದರೂ ಹೆಚ್ಚಿನದು ಕೊಳಗದ ಪಾಲಾಗುವುದಾದರೆ, ಮುಂದಿನ ವರ್ಷ ಗದ್ದೆ ತನ್ನ ಕೈಯಲ್ಲೇ ಉಳಿದೀತೆಂಬ ಭರವಸೆಯಿಲ್ಲದಿದ್ದರೆ, ಒಕ್ಕಲು ಗೊಬ್ಬರ ಏಕೆ ಹೊತ್ತಾನು? ಅಡಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ನಾಳೆಯ ನಂಬಿಕೆಯಿಲ್ಲದವನು ಸಸಿ ನೆಡುವುದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಆರಗದವರಾದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ಈ ಅಳಲನ್ನು ವಿಧಾನಸಭೆಗೆ ಒಯ್ದರು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ಭೂನ್ಯಾಯಮಂಡಳಿಯ ಮುಂದೆ ಗೆದ್ದ ಗೇಣಿದಾರ ನೆಲದೊಡೆಯನಾದ. ಆ ನೆಲವನ್ನೇ ಆಧಾರವಾಗಿಟ್ಟು ಸಾಲ ಎತ್ತಬಲ್ಲವನಾದ. ಗೇಣಿಯನ್ನೇ ನಂಬಿದ್ದ ಬಡ ಒಡೆಯರೂ ಇದ್ದರು. ಅವರ ನೋವನ್ನು ಮರೆಯಬಾರದು. ಆದರೂ ಇಲ್ಲಿ ಕಾಯಿದೆ ದುಡಿಮೆಗೆ ದಾರಿ ಬಿಟ್ಟುಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕೆ ಇನ್ನೊಂದು ಮುಖವುಂಟು. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರಗಳ ಅನೇಕ ಹಳ್ಳಿಗಳು ಮುಳುಗಿದವು. ನಾಡಿಗೆ ಬೆಳಕು ಬಂತು. ನೆಲೆ ಕಳೆದುಕೊಂಡವರಲ್ಲಿ ಎಷ್ಟೋ ಕುಟುಂಬಗಳು ಕಾಡಂಚಿನಲ್ಲಿ ಬೇಸಾಯ ಹೂಡಿ, ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಕಾದವು. ದಾಖಲೆಯಲ್ಲಿ ಅದು ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ನಂತರ ಅಂಥ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಮಳೆಯನ್ನೂ ಸೊಪ್ಪನ್ನೂ ಕಾಡಿನಿಂದ ಪಡೆಯುವ ಮಲೆನಾಡಿಗೆ ಅರಣ್ಯ ರಕ್ಷಣೆ ಬೇಡವೆನ್ನಲಾಗದು. ಆದರೆ ಎರಡು ತಲೆಮಾರು ಉತ್ತ ನೆಲಕ್ಕೆ ಕಾಗದವಿಲ್ಲದಿದ್ದರೆ ಬ್ಯಾಂಕಿನ ಬಾಗಿಲು ತೆರೆಯುವುದಿಲ್ಲ. ಕಾಗೋಡಿನ ಗೇಣಿದಾರನನ್ನು ಕಾಡಿದ ಅನಿಶ್ಚಯವೇ ಇಲ್ಲಿ ಸರಕಾರದ ಕೈಯಿಂದ ಬಂದಿದೆ.

ಆದ್ದರಿಂದ ಕಾಯಿದೆಗಳು ಎಷ್ಟಿವೆಯೆಂದು ಎಣಿಸುವ ಮೊದಲು ಅವುಗಳ ಅಳತೆಯನ್ನು ಪರೀಕ್ಷಿಸೋಣ. ಕೊಳಗ ಎಲ್ಲರಿಗೂ ಒಂದೇ ಆಗಿರಲಿ. ಅದರ ಗಾತ್ರ ಬಿತ್ತುವ ಮೊದಲೇ ರೈತನಿಗೆ ತಿಳಿದಿರಲಿ.